ಕೆಂಪು ನೀರು ನಿಂತ ಮೇಲೆ

ನಗುವವರು ನಗಲಿ, ನನಗೇನೂ ಬೇಜಾರಿಲ್ಲ. ಕ್ಯಾತ್ಸಂದ್ರದ ನಮ್ಮ ಮನೆಯಲ್ಲೇ, ನನ್ನ ಕಣ್ಣೆದುರೇ ನಡೆದದ್ದಿದು.

ನಮ್ಮದು ಇಳಿಜಾರಿನ ಸೈಟು. ಹಿಂಬದಿಗೆ ಕಲ್ಲಿನ ತಡೆಗೋಡೆ ಕಟ್ಟಿ, ಒಳಗೆ ಮಣ್ಣು ತುಂಬಿಸಿ, ಅದರ ಮೇಲೆ ಅಕ್ಕನಿಗೆ ಟೈಲರಿಂಗ್ ರೂಮು ಹಾಕಿದ್ದೆವು. ಮಣ್ಣಿಗಿಳಿದ ಮಳೆ ನೀರು ಆಚೆ ಹೋಗಲೆಂದು ಗೋಡೆಗೆ ಪೈಪುಗಳಿದ್ದವು. ಆ ಕೆಂಪು ನೀರು ಕೆಳಗಿನ ಮನೆಯವರ ರಂಗೋಲಿ ಅಳಿಸುತ್ತಿತ್ತು. ಗೌರಿ ಹಬ್ಬದ ಹಿಂದಿನ ದಿನ ಆ ಮನೆಯಾಕೆ ಒಂದು ಮಾತು ಅಂದದ್ದೇ ತಡ, ನಮ್ಮಕ್ಕ ಗಾರೆಯವನನ್ನು ಕರೆಸಿ ಅಷ್ಟೂ ಪೈಪಿಗೆ ಸಿಮೆಂಟು ಮೆತ್ತಿಸಿಬಿಟ್ಟಳು!

ನೀರು ಸುಮ್ಮನಿರುತ್ತದೆಯೇ? ಗೋಡೆಯ ಬುಡದಲ್ಲಿ ದಾರಿ ಮಾಡಿಕೊಂಡಿತು. ಪ್ರತಿ ಮಳೆಗೂ ಮೋರಿಯಲ್ಲಿ ಒಂದೆರಡು ಬಾಂಡಲಿ ಮಣ್ಣು. ರೂಮಿನ ನೆಲಕ್ಕೆ ಕಾಲು ಬಡಿದರೆ ಟೊಳ್ಳು ಸದ್ದು...

"ಕೆಳಗೆ ಮಣ್ಣೇ ಇಲ್ಲ ಕಣಕ್ಕ. ಮಿಷನ್ನು ಈಚೆ ಹಾಕ್ಕೋ."

"ಬಸ್ಸಲ್ಲಿ ಕೂಗಿದ್ದು ಸಾಲ್ದೇನ್ಲಾ? ಮದ್ವೆ ಬ್ಲೌಸ್‌ಗಳವೆ, ಮುಗೀಲಿ ಬುಡು."

ನಾನು ಅಮೃತೂರು ರೂಟಿನ ಬಸ್ ಕಂಡಕ್ಟರ್. ಬಸ್ ತುಂಬ ಜನ ನನ್ನ ಮಾತಿಗೆ ಸರಿದು ನಿಲ್ಲುತ್ತಾರೆ, ಈಕೆಯೊಬ್ಬಳು ಜಗ್ಗುವುದಿಲ್ಲ. ತಿಂಗಳಿಡೀ ಹೇಳಿ ಹೇಳಿ ತಲೆ ಕೆಟ್ಟುಹೋಗಿತ್ತು.

ಆ ರಾತ್ರಿ ಎಂಟರ ಹೊತ್ತು. ಮಳೆ ಆಗತಾನೆ ನಿಂತಿತ್ತು, ಕರೆಂಟಿರಲಿಲ್ಲ. ಮನೆಯೊಳಗೆಲ್ಲ ಹಸಿ ಮಣ್ಣಿನ ವಾಸನೆ. ರೂಮಿನ ನೆಲದಡಿ ಸರ್ರ್... ಸರ್ರ್... ಎಂದು ಮೊರದಿಂದ ರಾಗಿ ಜಾರಿದಂಥ ಸದ್ದು. ಅಕ್ಕ ಮೇಣದಬತ್ತಿ ಹಚ್ಚಿಕೊಂಡು ಹೊಲಿಯುತ್ತಲೇ ಇದ್ದಳು.

"ಅಕ್ಕಾ, ಕೇಳುಸ್ತಾ? ಎದ್ದು ಬಾರಕ್ಕ."

"ಆಯ್ತು ಹೋಗ್ಲಾ." ತಲೆ ಕೂಡ ಎತ್ತಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಏನಾದರೂ ಮಾಡಿಕೊಳ್ಳಲಿ, ಇನ್ನು ಕರೆಯುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಮುಂದಿನ ಜಗಲಿಯಲ್ಲಿ ಕೂತೆ.

ಐದು ನಿಮಿಷ ಆಗಿರಬಹುದು. ಅಕ್ಕ ಓಡಿ ಬಂದಳು, ಕೈಯಲ್ಲಿ ಕತ್ತರಿ ಹಾಗೇ ಇತ್ತು.

"ಏನ್ಲಾ ಆಯ್ತು? ಯಾಕಂಗೆ ಕಿರುಚ್ಕೊಂಡೆ?"

ನಾನು ಉತ್ತರಿಸುವ ಮೊದಲೇ ಹಿಂದುಗಡೆ ಧೊಪ್... ಟಾರ್ಚ್ ಹಿಡಿದು ನೋಡಿದರೆ ರೂಮಿನ ನೆಲವೇ ಇಲ್ಲ. ಮಿಷನ್ನು, ಕುರ್ಚಿ ಎರಡೂ ಆಳೆತ್ತರದ ಗುಂಡಿಯಲ್ಲಿ ಬಿದ್ದಿದ್ದವು. ಅಕ್ಕ ಗೋಡೆ ಹಿಡಿದುಕೊಂಡು ಗುಂಡಿಯೊಳಕ್ಕೆ ಇಣುಕಿದಳು.

"ನಿನ್ ದನಿ ಕೆಳಗಿಂದ ಕೇಳುಸ್ತು ಕಣೋ... ತಡೆಗೋಡೆ ಹತ್ರ ಇಳಿದಿದ್ದಾ?"

ನಾನು ಬಾಯೇ ಬಿಟ್ಟಿರಲಿಲ್ಲ, ಆದರೂ "ಹೂಂ" ಅಂದುಬಿಟ್ಟೆ.

ಆ ದನಿ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೆಳಗಿನ ಮನೆಯವರಿಗೂ ಏನೂ ಕೇಳಿಸಿಲ್ಲವಂತೆ. ಅಕ್ಕ ಮಾತ್ರ ಬಂದವರಿಗೆಲ್ಲ ಹೇಳುತ್ತಾಳೆ, "ನನ್ ತಮ್ಮ ಕೂಗಿದ್ಕೆ ಬದುಕ್ದೆ." ನಿನ್ನನ್ನು ಅಲ್ಲೇ ಬಿಟ್ಟು ಮುನಿಸಿಕೊಂಡು ಕೂತಿದ್ದೆ ಎಂದು ಅವಳಿಗೆ ಯಾವ ಬಾಯಲ್ಲಿ ಹೇಳಲಿ?