ತೊದಲುವ ಕೈ

ಇಬ್ಬರು ಅಕ್ಕತಂಗಿಯರಲ್ಲಿ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಹೊಲಿಗೆಯಲ್ಲಿ ಎತ್ತಿದ ಕೈ. ಮಾತೆಲ್ಲ ಸನ್ನೆಯಲ್ಲೇ, ಜಗಳಕ್ಕೆ ನಿಂತರೆ ಆ ಹತ್ತು ಬೆರಳಿನ ಮುಂದೆ ಬಾಯಿದ್ದವರೂ ಸೋಲಬೇಕು. ತಂಗಿಯೂ ಮಾತಿಗಿಂತ ಮೊದಲು ಸನ್ನೆ ಕಲಿತವಳು.

ತಂಗಿಗೆ ಕಂಪ್ಯೂಟರಿನಲ್ಲಿ ಗೊಂಬೆಗಳಿಗೆ ಜೀವ ತುಂಬುವ ಕೆಲಸ. ರೈಲು ನಿಲ್ದಾಣದ ಪರದೆಯ ಮುಂದೆ ಯಾರಾದರೂ ನಿಂತರೆ ತಿರುಗಿ ನೋಡಿ, ಸನ್ನೆಯಲ್ಲಿ ಕೇಳಿದ್ದಕ್ಕೆ ಸನ್ನೆಯಲ್ಲೇ ಉತ್ತರಿಸುವ ಹೆಣ್ಣುಗೊಂಬೆಯೊಂದು ಬೇಕೆಂದು ಕಂಪನಿಗೆ ಕೇಳಿಕೆ ಬಂದಾಗ ತಾನೇ ಮುಂದೆ ಬಿದ್ದು ವಹಿಸಿಕೊಂಡಳು. ಮಾದರಿಗೆ ಅಕ್ಕನನ್ನೇ ಕರೆತಂದಳು.

ಏಳು ತಿಂಗಳು ಅಕ್ಕ ಮಧ್ಯಾಹ್ನವೇ ತನ್ನ ಹೊಲಿಗೆ ಅಂಗಡಿ ಮುಚ್ಚಿ ಬಂದು, ಚಲನೆ ಸೆರೆಹಿಡಿಯುವ ಬಿಳಿ ಚುಕ್ಕೆಗಳನ್ನು ಬೆರಳಿಗೆಲ್ಲ ಅಂಟಿಸಿಕೊಂಡು ಕ್ಯಾಮೆರಾದ ಮುಂದೆ ನಿಂತಳು. ತಂಗಿ ಗೊಂಬೆಯ ಒಂದೊಂದು ಗೆಣ್ಣೂ ಬೇರೆಬೇರೆಯಾಗಿ ಆಡಲೆಂದು ಕಂಪ್ಯೂಟರಿನಲ್ಲಿ ಒಂದೊಂದಕ್ಕೂ ಒಂದೊಂದು ಮೂಳೆ ಕೂಡಿಸಿದಳು. ಹುಬ್ಬಿಗೆ ಬೇರೆ, ತುಟಿಯಂಚಿಗೆ ಬೇರೆ. ಅಕ್ಕ ಬಿಡುವವಳಲ್ಲ.

"ಹುಬ್ಬು ಏರಿಲ್ಲ ಕಣೇ. ಇದು ಪ್ರಶ್ನೆ ಅಲ್ಲ, ಅಪ್ಪಣೆ ಆಯ್ತು" ಎಂದು ಸನ್ನೆಯಲ್ಲೇ ಬೈದು ಮತ್ತೆ ಮಾಡಿಸುವಳು. ಗೊಂಬೆ ಮೊದಲ ಸಲ ಅವಳತ್ತ ತಿರುಗಿ ಎಲ್ಲಿಗೆ ಹೋಗಬೇಕೆಂದು ಕೇಳಿದ ದಿನ ಬಿದ್ದು ಬಿದ್ದು ನಕ್ಕಳು. "ನನಗಿಂತ ಇವಳಿಗೇ ಸೊಕ್ಕು ಜಾಸ್ತಿ!"

ಉದ್ಘಾಟನೆಗೆ ಹತ್ತು ದಿನವಿರುವಾಗ ಕಂಪನಿಯ ಯಜಮಾನ ಕರೆದ. ನಿಲ್ದಾಣಕ್ಕೆ ಕೊಂಡದ್ದು ಅಗ್ಗದ ಯಂತ್ರ. ಗೊಂಬೆ ಅದರಲ್ಲಿ ತಡೆತಡೆದು ಅಲ್ಲಾಡುತ್ತಿತ್ತು.

"ಮೂಳೆ ಜಾಸ್ತಿ ಆಯ್ತಮ್ಮ. ಕೊನೇ ಮೂರು ಬೆರಳು ಸೇರಿಸಿ ಒಂದು ಮಾಡು. ಹುಬ್ಬು ತೆಗೆದುಬಿಡು."

"ಹಾಗೆ ಮಾಡಿದ್ರೆ ಅದು ಏನು ಹೇಳ್ತಿದೆ ಅಂತ ಯಾರಿಗೂ ತಿಳಿಯಲ್ಲ, ಸರ್."

"ಉದ್ಘಾಟನೆಗೆ ಬರೋ ದೊಡ್ಡವರಿಗೆಲ್ಲ ಕಿವಿ ಕೇಳ್ಸುತ್ತೆ. ನೋಡೋಕೆ ಸರಾಗವಾಗಿದ್ರೆ ಸಾಕು."

ಮೂರು ದಿನ ವಾದಿಸಿದಳು. ನಾಲ್ಕನೆಯ ದಿನ ತನ್ನ ಕೈಯಾರೆ ತೆಗೆದಳು. ತಾನಲ್ಲದಿದ್ದರೆ ಪಕ್ಕದ ಮೇಜಿನವನು ಇನ್ನೂ ಕೆಡಿಸುತ್ತಿದ್ದನೆಂದು ಸಮಾಧಾನ ಹೇಳಿಕೊಂಡಳು. ಅಕ್ಕನಿಗೆ ತಿಳಿಸಲು ಮಾತ್ರ ಕೈ ಏಳಲಿಲ್ಲ.

ಉದ್ಘಾಟನೆಯ ದಿನ ಅಕ್ಕ ತಾನೇ ಹೊಲಿದ ಹೊಸ ಬಟ್ಟೆ ತೊಟ್ಟು, ತನ್ನಂತೆಯೇ ಕಿವಿ ಕೇಳದ ನಾಲ್ವರು ಗೆಳತಿಯರನ್ನು ಕಟ್ಟಿಕೊಂಡು ಬಂದಳು. ಗೊಂಬೆ ತಿರುಗಿತು, ನಕ್ಕಿತು, ಕೈಯಾಡಿಸಿತು. ಚಪ್ಪಾಳೆಯೋ ಚಪ್ಪಾಳೆ. ಗೆಳತಿಯೊಬ್ಬಳು ತನ್ನ ರೈಲು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆಂದು ಎರಡು ಸಲ ಕೇಳಿದಳು. ಗೊಂಬೆಯ ಕೈಯಲ್ಲಿ ಎರಡೂ ಒಂದೇ, ಮೂರೂ ಒಂದೇ, ನಾಲ್ಕೂ ಒಂದೇ. ಅವಳು ತಬ್ಬಿಬ್ಬಾಗಿ ಅಕ್ಕನ ಮುಖ ನೋಡಿದಳು.

ಅಕ್ಕ ತಂಗಿಯತ್ತ ತಿರುಗಿದಳು. "ಇವಳು ತೊದಲ್ತಿದಾಳೆ. ನನ್ನ ಬೆರಳೆಲ್ಲಿ?"

"ಯಂತ್ರಕ್ಕೆ ಶಕ್ತಿ ಸಾಲ್ಲಿಲ್ಲ ಅಕ್ಕ."

"ನಿಂಗೆ ಮೊದಲೇ ಗೊತ್ತಿತ್ತಾ?"

ತಂಗಿ ಗೊಂಬೆಯತ್ತ ಮುಖ ತಿರುಗಿಸಿದಳು. ಅಕ್ಕ ಗೆಳತಿಯರನ್ನು ಕರೆದುಕೊಂಡು, ಇನ್ನೂ ಚಪ್ಪಾಳೆ ತಟ್ಟುತ್ತಿದ್ದವರ ನಡುವೆ ದಾರಿ ಮಾಡಿಕೊಂಡು ಹೊರಟುಹೋದಳು.

ಆ ಗೊಂಬೆ ಈಗ ಹನ್ನೊಂದು ನಿಲ್ದಾಣಗಳಲ್ಲಿದೆ. ಯಜಮಾನನಿಗೆ ಸನ್ಮಾನವಾಯಿತು. ತಂಗಿಗೆ ಬಡ್ತಿ ಸಿಕ್ಕಿತು, ಅವಳು ಬೇಡವೆನ್ನಲಿಲ್ಲ. ಅಕ್ಕ ಮನೆಗೆ ಬರುವುದನ್ನೇನೂ ಬಿಟ್ಟಿಲ್ಲ, ತಂಗಿಯ ಮಗಳಿಗೆ ಲಂಗ ಹೊಲಿದು ತರುತ್ತಾಳೆ, ಆ ಮಗುವಿನೊಂದಿಗೆ ಗಂಟೆಗಟ್ಟಲೆ ಸನ್ನೆಯಲ್ಲಿ ಹರಟುತ್ತಾಳೆ. ತಂಗಿಗೆ ಏನಾದರೂ ಹೇಳಬೇಕಾದರೆ ಮಾತ್ರ ಚೀಟಿಯಲ್ಲಿ ಬರೆದು ಮುಂದಿಡುತ್ತಾಳೆ, ಸನ್ನೆ ಬಾರದ ಹೊರಗಿನವರಿಗೆ ಬರೆದುಕೊಡುವ ಹಾಗೆ.