ಅಮಾವಾಸ್ಯೆಗೆ ತಡೆದ ಚೆಕ್ಕು

ನೀವು ಗೆದ್ದ ದೊಡ್ಡ ಕೇಸು ಯಾವುದೆಂದು ಯಾರಾದರೂ ಕೇಳಿದರೆ, ನಾನು ಹೇಳುವುದು ಕೋರ್ಟಿನ ಮೆಟ್ಟಿಲನ್ನೇ ಹತ್ತದ ಒಂದು ಚೆಕ್ಕಿನ ಕತೆ. ಚಿಕ್ಕೋಡಿಯಲ್ಲಿ ಕರಿ ಕೋಟು ಹಾಕಿಕೊಂಡು ಓಡಾಡುವವನು ನಾನು. ಆದರೆ ಅದನ್ನು ಗೆದ್ದವಳು ನನ್ನ ಸೋದರತ್ತೆ.

ಅತ್ತೆ ರಾಯಬಾಗದ ಕಡೆಯ ಕುರಿಗಾರತಿ. ನಮ್ಮ ಮನೆತನದಲ್ಲಿ ಯಾರ ಹೆಸರಿಗೂ ಭೂಮಿ ಇರಲಿಲ್ಲ. ಅವಳು ಹಳ್ಳದ ದಂಡೆಯಲ್ಲಿ ಒಂದು ತುಂಡು ಹೊಲ ನೋಡಿ, ಸಂಚಕಾರವೆಂದು ಮುಂಗಡ ಕೊಟ್ಟು, ಉಳಿದದ್ದಕ್ಕಾಗಿ ತನ್ನ ಟಗರುಗಳನ್ನು ಕುಡಚಿಯ ವ್ಯಾಪಾರಿಗೆ ಮಾರಿದಳು. ಅಕ್ಕ-ತಮ್ಮನಂತೆ ವರ್ಷಾನುವರ್ಷ ವ್ಯವಹಾರ ಮಾಡಿದವರು ಅವರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುರಿದರೆ ಮುಗಿಯಿತು, ನಗದು ಕೈಗೆ ಬರುತ್ತಿತ್ತು. ಆ ಸಲ ಮಾತ್ರ ಚುನಾವಣೆಯ ಕಾಲ. ಕೊಲ್ಹಾಪುರದಲ್ಲಿ ಮಾರಿ ಬರುವವರ ನಗದನ್ನು ಗಡಿಯ ಕೊಗನೊಳ್ಳಿ ತಪಾಸಣೆ ನಾಕಾದಲ್ಲಿ ತಡೆಯುತ್ತಿದ್ದರು. ಹಾಗಾಗಿ ವ್ಯಾಪಾರಿ ಮೊದಲ ಬಾರಿಗೆ ಚೆಕ್ಕು ಬರೆದುಕೊಟ್ಟ.

ಅತ್ತೆ ಅದನ್ನು ವ್ಯಾಪಾರಿಯ ಕೈಯಿಂದ ನೇರವಾಗಿ ತನ್ನ ಖಾತೆ ಇದ್ದ ಸಣ್ಣ ಸಹಕಾರಿ ಬ್ಯಾಂಕಿಗೆ ಒಯ್ದಳು. ಒಯ್ದದ್ದು ಅಮಾವಾಸ್ಯೆಯ ದಿನ. ಅವತ್ತು ನಮ್ಮ ಹಟ್ಟಿಯಿಂದ ಏನೂ ಹೊರಗೆ ಹೋಗುವುದಿಲ್ಲ. ಮಜ್ಜಿಗೆ ಕೇಳಿ ಬಂದವರನ್ನೂ ನಾಳೆ ಬಾ ಅನ್ನುತ್ತೇವೆ. ಚೆಕ್ಕು ಮಧ್ಯಾಹ್ನದ ಚೀಲದಲ್ಲಿ ಚಿಕ್ಕೋಡಿಯ ದೊಡ್ಡ ಬ್ಯಾಂಕಿಗೆ ವಸೂಲಿಗೆ ಹೋಗುತ್ತದೆಂದು ಗುಮಾಸ್ತ ಹೇಳಿದ್ದೇ ತಡ, ಅತ್ತೆ ಅಡ್ಡ ನಿಂತಳು.

"ಇವತ್ತ ಕಳಸಬ್ಯಾಡೋ ಯಪ್ಪಾ. ಒಳಗ ಬರೋದು ನಡೀತೈತಿ, ಹೊರಗ ಹೋಗೋದು ನಡ್ಯಾಂಗಿಲ್ಲ."

"ಇದು ಬ್ಯಾಂಕೈತಿಬೇ, ನಿನ್ನ ಕುರಿ ಹಟ್ಟಿ ಅಲ್ಲ," ಅಂದನಂತೆ ಅವನು. ಅಂದರೂ ಅವನೂ ನಮ್ಮ ಕಡೆಯವನೇ. ಚೆಕ್ಕಿನ ಬೆನ್ನಿಗೆ ಬ್ಯಾಂಕಿನ ಮೊಹರು ಹೊಡೆದು ಮೇಜಿನ ಖಾನೆಯಲ್ಲಿ ಇಟ್ಟುಬಿಟ್ಟ.

ಮರುದಿನ ಬೆಳಗ್ಗೆ ಚೀಲ ಹೊರಡುವ ಮೊದಲೇ ಬ್ಯಾಂಕಿನ ಶಟರ್ ಇಳಿಯಿತು. ಸಾಲ ಕೊಟ್ಟು ಮುಳುಗಿದೆ, ಮೇಲಿನವರು ವ್ಯವಹಾರ ನಿಲ್ಲಿಸಿದ್ದಾರೆ ಎಂದು ಬಾಗಿಲಿಗೆ ನೋಟಿಸು ಅಂಟಿಸಿದ್ದರು. ಅತ್ತೆಯ ಫೋನು ಬಂತು. ನಾನು ಸಿಕ್ಕ ಬಸ್ಸು ಹತ್ತಿದೆ.

ನಾನು ತಲುಪುವಷ್ಟರಲ್ಲಿ ಕುಡಚಿಯ ವ್ಯಾಪಾರಿಗೂ ಸುದ್ದಿ ಮುಟ್ಟಿತ್ತು. ಅವನು ಫೋನಿನಲ್ಲಿ ಕೂಗುವುದು ನನಗೂ ಕೇಳುತ್ತಿತ್ತು. "ಅಕ್ಕಾ, ಫಿಕರ್ ಮಾಡಬ್ಯಾಡ. ಆ ಚೆಕ್ ಬಂದ್ ಮಾಡಸ್ತೀನಿ, ಬ್ಯಾರೆ ಬರದ ಕೊಡತೀನಿ."

"ಬ್ಯಾಡೋ ಭಾಯಿ. ನಿನ್ನ ಚೆಕ್ ನಿಂತತಂತ ಸಂತ್ಯಾಗ ಒಬ್ಬ ಅಂದ್ರ ಸಾಕು, ನಾಳೆ ನಿನಗ ಉದ್ರಿ ಟಗರು ಯಾರ ಕೊಡತಾರ? ನೀ ಸುಮ್ನ ಕುಂದರು. ನನ್ನ ಚೆಕ್ ನಾ ತರತೀನಿ."

ಹೊಲದವನಿಗೆ ಕೊಟ್ಟ ಮಾತಿನ ಗಡುವು ಹತ್ತಿರ ಬಂದಿತ್ತು. ತಪ್ಪಿದರೆ ಸಂಚಕಾರವೂ ಹೋಗುತ್ತಿತ್ತು, ಹೊಲವೂ ಹೋಗುತ್ತಿತ್ತು. ಅಂಥ ಹೊತ್ತಿನಲ್ಲೂ ಇನ್ನೊಬ್ಬನ ಹೆಸರಿನ ಚಿಂತೆ ಇವಳಿಗೆ. ಠೇವಣಿ ಇಟ್ಟವರು ಗುಂಪುಗೂಡಿದ್ದ ಬಾಗಿಲ ಬಳಿ ನಿಂತು ಅವಳಿಗೆ ಕಾನೂನು ಹೇಳಿದೆ: ವಸೂಲಿಗೆಂದು ಕೊಟ್ಟ ಚೆಕ್ಕಿಗೆ ಹಣ ಬರುವವರೆಗೆ ಬ್ಯಾಂಕು ನಿನ್ನ ಆಳು ಮಾತ್ರ, ಮಾಲೀಕಳು ನೀನೇ, ಹಣ ಬಂದು ಖಾತೆ ಸೇರಿದರೆ ಆಗ ನೀನೂ ಅವರಿಗೆ ಸಾಲ ಕೊಟ್ಟವರಲ್ಲಿ ಒಬ್ಬಳು. ಅವಳು ಸೆರಗು ಬಿಗಿದುಕೊಂಡು, ಅರ್ಧ ಎತ್ತಿದ್ದ ಶಟರಿನಡಿ ಬಗ್ಗಿ ಒಳಗೆ ನಡೆದಳು, ನಾನು ಹಿಂದೆ.

ಮ್ಯಾನೇಜರನ ಕುರ್ಚಿಯಲ್ಲಿ ಬೆಳಗಾವಿಯಿಂದ ಬಂದ ಅಧಿಕಾರಿ ಕೂತಿದ್ದರು. "ಅವ್ವಾರ, ಇಲ್ಲಿಂದ ಒಂದ ಕಾಗದಾನೂ ಹೊರಗ ಹೋಗಾಂಗಿಲ್ರಿ. ಬ್ಯಾಂಕಿನ ಆಸ್ತಿ ಎಲ್ಲಾ ತಡದೇವಿ."

"ಬ್ಯಾಂಕಿನ ಆಸ್ತಿ ನೀವ ಇಟ್ಕೋರಿ ಸಾಹೇಬ್ರ. ನನ್ನ ಚೆಕ್ ಕೊಡ್ರಿ."

"ಒಮ್ಮೆ ಇಲ್ಲೆ ಹಾಕಿದ ಮ್ಯಾಲೆ..."

"ಕೇಳ್ರಿಲ್ಲೆ. ಸಂತಿಗೆ ಹೊಡಕೊಂಡ ಹೋಗಂತ ನನ್ನ ಟಗರ ಒಬ್ಬಗ ಕೊಟ್ಟೀನಿ. ಅಂವಾ ಹೊಸ್ತಿಲ ದಾಟೂದ್ರಾಗ ಸಾಲ ಕೊಟ್ಟಾವ್ರು ಬಂದು ಅವನ ಮನಿಗೆ ಕೀಲಿ ಜಡದ್ರು. ಟಗರ ಅವನ ಅಂಗಳದಾಗ ಕಟ್ಟೇತಿ. ಅದ ಯಾರ್ದು?"

ಅಧಿಕಾರಿ ಮೀಸೆಯಲ್ಲೇ ನಕ್ಕರು. "ನಿಮ್ದ."

"ಮತ್ತ ಹಗ್ಗ ಬಿಚ್ರಿ!"

"ಅಂವಾ ಟಗರ ಮಾರಿ ರೊಕ್ಕ ಕಿಸೇಕ ಹಾಕ್ಕೊಂಡಿದ್ರ ಏನ್ ಮಾಡ್ತಿದ್ದಿಬೇ?" ಎಂದು ಗುಮಾಸ್ತ ಮೂಲೆಯಿಂದ ಕೆಣಕಿದ.

"ಆಗ ಹೊರಗಿನ ಮಂದಿ ಜೋಡಿ ನಾನೂ ನಿಂತ ನಿನಗ ಬೈತಿದ್ದೆ."

ನಾನು ಕಲಿತ ಕಾನೂನು ಅಷ್ಟು ಚೆಂದವಾಗಿ ಕೇಳಿಸಿದ್ದು ಅದೇ ಮೊದಲು. ಅಧಿಕಾರಿ ಮೇಲಿನವರಿಗೆ ಫೋನು ಮಾಡಿದರು, ನನ್ನಿಂದ ಅರ್ಜಿ ಬರೆಸಿಕೊಂಡರು. ಗುಮಾಸ್ತ ಖಾನೆ ತೆರೆದ. ಬೆನ್ನಿನ ಮೊಹರಿಗೆ ಅಡ್ಡಗೆರೆ ಎಳೆದು, ರದ್ದು ಎಂದು ಸಹಿ ಹಾಕಿ, ಚೆಕ್ಕನ್ನು ಅತ್ತೆಯ ಕೈಗಿಟ್ಟರು. ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಳು.

ಹೊರಗೆ ಬಂದರೆ ಜನ ಸುತ್ತುವರಿದರು. ಖಾನಾವಳಿ ನಡೆಸುವ ಹೆಣ್ಣುಮಗಳೊಬ್ಬಳು ಕೇಳಿದಳು, "ವಕೀಲ್ರ, ನಮ್ದೂ ಟಗರ ಅಲ್ಲೇನ್ರಿ?"

ಅಲ್ಲ ಎನ್ನಬೇಕಾಯಿತು. ಅವರ ಠೇವಣಿ ಆಗಲೇ ಬ್ಯಾಂಕಿನ ಹಿಂಡಿನಲ್ಲಿ ಬೆರೆತುಹೋಗಿತ್ತು. ವಿಮೆ ಇದೆ, ಮಿತಿಯೊಳಗಿನದು ಬರುತ್ತದೆ, ಆದರೆ ತಡವಾಗುತ್ತದೆ ಎಂದೆ. ಅತ್ತೆ ನನ್ನ ತೋಳು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದಳು. "ಬರೇ ಬಾಯಿಲೆ ಹೇಳಬ್ಯಾಡ ತಮ್ಮಾ. ಒಬ್ಬೊಬ್ರದೂ ಅರ್ಜಿ ಬರದ ಕೊಡು. ಫೀ ಗೀ ಅಂದಿ ಅಂದ್ರ ನೋಡು!" ಬಸ್ಸುಗಳು ಹೋದವು, ಬಂದವು, ನಾನು ಬರೆಯುತ್ತಲೇ ಇದ್ದೆ.

ಸರ್ಕಾರದ ಹಣ ಬರುವ ಇನ್ನೊಂದು ಬ್ಯಾಂಕಿನಲ್ಲೂ ಅವಳ ಖಾತೆಯಿತ್ತು. ಚೆಕ್ಕು ಆ ದಾರಿಯಿಂದ ಹೋಗಿ ಹಣವಾಯಿತು. ಗಡುವಿನೊಳಗೆ ಹೊಲ ನೋಂದಣಿಯಾಯಿತು.

ತಲೆತಲಾಂತರದಿಂದ ನಮ್ಮ ಹಿಂಡು ತಂಗಿದ್ದು ಬೇರೆಯವರ ಹೊಲದಲ್ಲೇ. ಗೊಬ್ಬರಕ್ಕೆಂದು ಅವರು ಕರೆಯುತ್ತಾರೆ, ಬದಲಿಗೆ ಜೋಳ ಅಳೆಯುತ್ತಾರೆ. ನೋಂದಣಿಯ ಮರುದಿನ ಅತ್ತೆ ಹಿಂಡು ಹೊಡೆದುಕೊಂಡು ಹೊರಟಾಗ ನಾನೂ ಜೊತೆಗಿದ್ದೆ. ಕಬ್ಬಿನ ಗದ್ದೆಯ ಬದುವಿನಿಂದ ಒಬ್ಬರು ಕೂಗಿದರು, "ಏ ಅಕ್ಕಾ, ಈ ಸಲ ನಮ್ಮ ಹೊಲಕ್ಕ ಕುರಿ ಯಾವಾಗ ತರತಿ?"

ಅತ್ತೆ ನಡಿಗೆ ನಿಲ್ಲಿಸಲಿಲ್ಲ. "ಈಗ ಆಗಾಂಗಿಲ್ರಿ ಸಾವಕಾರ್ರ. ಮೊದಲ ನನ್ನ ಹೊಲದ್ದು ಮುಗೀಲಿ!"