ಗೋಡೆಯನ್ನೂ ನಂಬದ ಬೆಟ್ಟಯ್ಯ

ಸೋಮವಾರ ಬೆಳಗ್ಗೆ ಆರು ಗಂಟೆ ಐದು ನಿಮಿಷಕ್ಕೆ ಮೊದಲ ಹಾಳೆ, ಹತ್ತು ನಿಮಿಷದ ಅನಂತರ ಎರಡನೆಯದು, ಆರೂವರೆಗೆ ಮೂರನೆಯದು. ಬುಧವಾರ ಇದೇ ಹೊತ್ತಿಗೆ, ಇದೇ ಕ್ರಮದಲ್ಲಿ ಅವನ್ನು ಬಿಚ್ಚಬೇಕು. ನಂಜನಗೂಡಿನ ಬಾಡಿಗೆ ಮನೆಯೊಂದರ ಮಲಗುವ ಕೋಣೆಯಲ್ಲಿ ಗೋಡೆಯ ಮೇಲರ್ಧ ಬೂಷ್ಟು ಹಿಡಿದು ಕಪ್ಪಾಗಿದೆ. ಬೆಟ್ಟಯ್ಯ ಅದನ್ನು ಒರೆಸುವುದಿಲ್ಲ, ಕೆರೆಯುವುದಿಲ್ಲ. ಪಕ್ಕದ ಚೊಕ್ಕ ಜಾಗದಲ್ಲಿ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒತ್ತಿಹಿಡಿದು ನಾಲ್ಕೂ ಅಂಚಿಗೆ ಟೇಪು ಅಂಟಿಸುತ್ತಾರೆ. ಆಮೇಲೆ ಟೇಪಿನಿಂದ ಗೋಡೆಗೆ ದಾಟುವಂತೆ ಪೆನ್ನಿನಲ್ಲಿ ಸಹಿ ಹಾಕುತ್ತಾರೆ. ಯಾರಾದರೂ ಹಾಳೆ ಎತ್ತಿದರೆ ಗೆರೆ ತಪ್ಪುತ್ತದೆ.

“ನಮ್ಮನ್ನೇ ಕಳ್ಳರು ಅಂದ್ಕೊಂಡಿದ್ದೀಯೇನಪ್ಪಾ?” ಮಹಡಿಯಲ್ಲಿರುವ ಮನೆಯೊಡೆಯ ಶಿವಸ್ವಾಮಿ ಬಾಗಿಲಲ್ಲೇ ನಿಂತು ಕೇಳುತ್ತಾರೆ.

“ಯಾರ್ನೂ ಅಂದ್ಕೊಂಡಿಲ್ಲ ಸಾ. ಗೋಡೆನೂ ನಂಬಕಿಲ್ಲ ನಾನು.”

ಅಡಿಗೆಮನೆಯಿಂದ ಬಾಡಿಗೆದಾರರಾದ ಮರಿತಾಯಮ್ಮನವರ ದನಿ, ತಮಗೆ ತಾವೇ ಹೇಳಿಕೊಂಡಂತೆ, ಆದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ: “ಓನರು ಕರ್ಕ ಬಂದೋನು ಓನರ್ ಪರವಾಗೇ ಯೋಳ್ತಾನೆ, ಬುಡು.”

ಅನುಮಾನಕ್ಕೆ ಕಾರಣವಿದೆ. “ದಿನಾ ಮಾಂಸ ಬೇಯಿಸ್ತಾರೆ, ಆ ಆವಿ ಎಲ್ಲಿಗೆ ಹೋಗ್ಬೇಕು?” ಎಂಬುದು ಶಿವಸ್ವಾಮಿಯವರ ವಾದ. ತಿಂಗಳ ಕೊನೆಗೆ ಮನೆ ಬಿಡಬೇಕೆಂದು ಹೇಳಿಯಾಗಿದೆ. ಮರಿತಾಯಮ್ಮನವರ ಮಗಳು ಕವನ ಇಲ್ಲಿನ ಕಾರ್ಖಾನೆಯೊಂದರ ನೌಕರೆ. ಊರು ಯಾವುದು, ಕೇರಿ ಯಾವುದು ಎಂದು ವಿಚಾರಿಸಿದ ಮೇಲೆ ಒಂಬತ್ತು ಮನೆಗಳು ಅವರ ಪಾಲಿಗೆ ಖಾಲಿಯಿಲ್ಲವಾದವು, ಇದು ಹತ್ತನೆಯದು. ಬೆಟ್ಟಯ್ಯನವರನ್ನು ಕರೆಸಿರುವುದು ಗೋಡೆ ತಿಕ್ಕಿ ಬಣ್ಣ ಬಳಿಯುವುದಕ್ಕೆ. ನೀರಿನ ಮೂಲ ತಿಳಿಯದೆ ಅವರು ಬ್ರಷ್ ಹಿಡಿಯುವುದಿಲ್ಲ.

ಒಂದು ಕಾಲದಲ್ಲಿ ಹಿಡಿಯುತ್ತಿದ್ದರು. ಸೋಸಲೆಯಲ್ಲಿ ಹುಟ್ಟಿದ, ಈಗ ಐವತ್ಮೂರರ ಬೆಟ್ಟಯ್ಯ ಇಪ್ಪತ್ತು ವರ್ಷ ಟಿ. ನರಸೀಪುರದಲ್ಲಿ ಪೇಂಟರ್ ಆಗಿದ್ದವರು. ತಗಡೂರಿನ ಮನೆಯೊಂದರಲ್ಲಿ ಗೃಹಪ್ರವೇಶದ ಹಿಂದಿನ ದಿನ ಬೂಷ್ಟಿನ ಮೇಲೆಯೇ ಎರಡು ಕೋಟು ಬಳಿದರು. ಮೂರು ತಿಂಗಳಿಗೆ ಬಣ್ಣ ಹಪ್ಪಳದಂತೆ ಎದ್ದಿತು. ಅದನ್ನು ಮಾಸ್ಕಿಲ್ಲದೆ, ಒಣಗಿದ್ದಂತೆಯೇ ಕೆರೆದು ಎರಡು ತಿಂಗಳು ಕೆಮ್ಮಿದರು. “ಬಣ್ಣ ಒಡದ್ರೆ ಬೂಷ್ಟು ಸಾಯಕಿಲ್ಲ ಕಣ್ರೀ. ಮುಸುಕಾಕ್ಕೊಂಡು ಮನಿಕತದೆ, ಅಷ್ಟೆ.”

ಈಗ ಬೂಷ್ಟು ತೆಗೆಯುವುದೇ ಅವರ ಕಸುಬು. ಕಳೆದ ವರ್ಷ ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕುಗಳಲ್ಲಿ ಮೂವತ್ತೊಂದು ಕಡೆ ಕೆಲಸ. ಅದರಲ್ಲಿ ಒಂಬತ್ತು ಅಂಗಡಿ, ಗೋದಾಮು. ಮೊದಲು ನೀರು ನಿಲ್ಲಬೇಕು. ಬಳಿಕ ಬಾಗಿಲಿಗೆ ಪ್ಲಾಸ್ಟಿಕ್ ಪರದೆ, ಮೂಗಿಗೆ ಮಾಸ್ಕು, ಕೈಗೆ ಗವಸು. ಪುಡಿ ಹಾರದಂತೆ ಗೋಡೆಯನ್ನು ನೆನೆಸಿ ಕೆರೆಯಬೇಕು. ಉದುರಿದ ಗಾರೆಯನ್ನು ಎರಡು ಚೀಲದೊಳಗೆ ಕಟ್ಟಿ ಸಾಗಿಸಬೇಕು. ಗೋಡೆ ಪೂರಾ ಒಣಗುವವರೆಗೆ, ಕೆಲವೊಮ್ಮೆ ತಿಂಗಳು, ಬಣ್ಣದ ಮಾತಿಲ್ಲ. ಹೀಗೆಂದು ಕೇಳಿದವರಲ್ಲಿ ಅನೇಕರು ಬೇರೆ ಪೇಂಟರನ್ನು ಹುಡುಕಿಕೊಳ್ಳುತ್ತಾರೆ. “ಒಂದ್ಸಲ ಹೋದ್ ಮನೆಗೆ ಬೂಷ್ಟು ಅಂತ ಇನ್ನೊಂದ್ಸಲ ಕರೀಬಾರ್ದು. ನಂಗದೇ ಆಸೆ,” ಎನ್ನುತ್ತಾರೆ ಬೆಟ್ಟಯ್ಯ.

ಬುಧವಾರ. ಮೂರೂ ಸಹಿಗಳು ಕದಲಿಲ್ಲ. ಕೋಣೆಯ ಗಾಳಿಯಲ್ಲಿ ಆವಿ ಹೆಚ್ಚಿದ್ದರೆ ಹಾಳೆಯ ಹೊರಮೈ ತೇವವಾಗಬೇಕು, ಅದು ಒಣಗಿದೆ. ಗೋಡೆಗೆ ತಾಗಿದ ಒಳಮೈಯಲ್ಲಿ ಹನಿಗಳಿವೆ, ಅಂದರೆ ನೀರು ಗೋಡೆಯೊಳಗಿನದು.

“ನೆಲದಿಂದ ಏರಿರ್ಬೇಕು,” ಎನ್ನುತ್ತಾರೆ ಶಿವಸ್ವಾಮಿ.

“ಏರಿದ್ರೆ ಕೆಳಗಿನ ನಾಕಡಿ ಯಾಕ್ ಸಾ ಒಣಗದೆ? ನಿಮ್ ಬಚ್ಚಲ್ಮನೆ ಒಂಚೂರು ನೋಡ್ಬೇಕು.”

“ಟೈಲ್ಸು ಹೋದ ವರ್ಷ ಹಾಕ್ಸಿದ್ದು ಕಣಯ್ಯ. ನಾನೇ ನಿಂತು ಮಾಡ್ಸಿದ್ದು.”

“ಅದ್ಕೇ ಕೇಳ್ತಿರದು ಸಾ.”

ಯಾರು ಯಾರನ್ನು ಶಂಕಿಸುತ್ತಾರೋ ಅವರನ್ನೇ ಸಾಕ್ಷಿ ಮಾಡುವುದು ಬೆಟ್ಟಯ್ಯನವರ ರೀತಿ. ಮೇಲಿನ ಬಚ್ಚಲುಮನೆಯ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ ಎರಡು ಬಕೆಟ್ ನೀರು ನಿಲ್ಲಿಸುತ್ತಾರೆ. ಅದಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಸುರಿಯಲು ಮರಿತಾಯಮ್ಮನವರನ್ನು ಕರೆಯುತ್ತಾರೆ. ಎಂಟು ತಿಂಗಳಲ್ಲಿ ಆಕೆ ಮಹಡಿ ಹತ್ತಿದ್ದು ಇದೇ ಮೊದಲು. ಹೊಸ್ತಿಲಲ್ಲಿ ತಡೆದು ನಿಲ್ಲುತ್ತಾರೆ.

“ಬಾರಕ್ಕ. ನೀನು ಸುರೀದಿದ್ರೆ ನಾಳೆ ನನ್ನೇ ಅನುಮಾನ ಪಡ್ತೀಯ.”

“ಈಗ್ಲೂ ಪಡ್ತಾವ್ನಿ,” ಎನ್ನುತ್ತ ಆಕೆ ಸೀಸೆಯನ್ನು ಬಗ್ಗಿಸುತ್ತಾರೆ. ಗಂಟೆ ಏಳೂ ಇಪ್ಪತ್ತು.

ಶಿವಸ್ವಾಮಿಯವರನ್ನು ಕೆಳಮನೆಯ ಕುರ್ಚಿಯಲ್ಲಿ, ಗೋಡೆಗೆ ಎದುರಾಗಿ ಕೂರಿಸಲಾಗಿದೆ. ಹತ್ತು ಗಂಟೆಗೆ ಏನೂ ಇಲ್ಲ. ಹನ್ನೆರಡಕ್ಕೂ ಇಲ್ಲ. “ನೋಡಿದ್ಯಾ?” ಎಂದು ಅವರು ಎರಡು ಬಾರಿ ಕೇಳುತ್ತಾರೆ. ಬೆಟ್ಟಯ್ಯ ಗಡಿಯಾರ ನೋಡುತ್ತಾರೆ. ಒಂದೂ ಮುಕ್ಕಾಲಿಗೆ ಶಿವಸ್ವಾಮಿ ಕುರ್ಚಿ ಬಿಟ್ಟೆದ್ದು ಗೋಡೆಯ ಹತ್ತಿರ ಹೋಗುತ್ತಾರೆ, ಬೆರಳಿಟ್ಟು ನೋಡುತ್ತಾರೆ, ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ. ಪಂಚೆಯ ಮೇಲೆ ನೀಲಿ.

ಬೆಟ್ಟಯ್ಯ ಪುಸ್ತಕ ತೆಗೆದು ಬರೆಯುತ್ತಾರೆ: ಬೂಷ್ಟಿಗೆ ಕಾರಣ ಮೇಲಿನ ಬಚ್ಚಲುಮನೆಯ ನೆಲದ ಸೋರಿಕೆ. ಕೆಳಮನೆಯ ಅಡಿಗೆ ಕಾರಣವಲ್ಲ.